ಚುಚ್ಚುವ ಉಣ್ಣೆಯ ಹೆಚ್ಚುಗಾರಿಕೆ

ಕರಿಕಂಬಳಿ ಚುಚ್ಚುತ್ತದೆ ಎಂಬುದು ಹಳೆಯ ದೂರು. ಚುಚ್ಚುವುದು ನಿಜ, ಆದರೆ ಕುರುಬರ ಕಸುಬಿನ ಜೀವ ಇರುವುದೂ ಆ ಒರಟಿನಲ್ಲೇ. ದಖನಿ ಕುರಿಯ ಉಣ್ಣೆ ಗಿಡ್ಡ, ಬಿರುಸು. ಹುಣಸೆಬೀಜ ಅರೆದು ಬೇಯಿಸಿದ ಗಂಜಿಯನ್ನು ಹಾಸುನೂಲಿಗೆ ಎಳೆಎಳೆಯಾಗಿ ಸವರಿ ಬಿಸಿಲಿಗೆ ಒಣಗಿಸಿದ ಮೇಲೆಯೇ ಅದು ಮಗ್ಗದ ಎಳೆತ ತಾಳುವುದು. ಉಣ್ಣೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಹುರುಪೆಗಳಿವೆ. ನೀರು ಸೋಕಿ ಉಜ್ಜಾಟ ನಡೆದಂತೆಲ್ಲ ಅವು ಒಂದಕ್ಕೊಂದು ತೊಡರಿಕೊಂಡು ನೇಯ್ಗೆ ದಟ್ಟವಾಗುತ್ತದೆ. ಚೆನ್ನಾಗಿ ಬಳಸಿದ ಕಂಬಳಿಯ ತುಂಡನ್ನು ಕಣ್ಣ ಹತ್ತಿರ ಹಿಡಿದರೆ ಹಾಸು ಯಾವುದು, ಹೊಕ್ಕು ಯಾವುದು ಹೇಳುವುದೇ ಕಷ್ಟ. ಕತ್ತರಿಸಿದ ಅಂಚೂ ಬೇಗ ಬಿಚ್ಚಿಕೊಳ್ಳದು. ಹಾಗಾಗಿ ಹರಿದ ಕಂಬಳಿ ಕಸವಾಗುವುದಿಲ್ಲ: ತಲೆಹೊರೆಗೆ ಸಿಂಬೆಯಾಗುತ್ತದೆ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯಾಗುತ್ತದೆ.

ರಾವಂದೂರಿನಂಥ ಊರುಗಳ ಸುತ್ತ ಮುಂಗಾರು ಹಿಡಿದಾಗ ಮೈಮುಚ್ಚಲು ಕಂಬಳಿಗಿಂತ ಪ್ಲಾಸ್ಟಿಕ್ ಹಾಳೆಯೇ ಅಗ್ಗ, ಹಗುರ ಎಂದರೆ ಒಪ್ಪಲೇಬೇಕು. ಆದರೆ ಅದರೊಳಗೆ ಬೆವರು ಹೊರಹೋಗಲಾರದೆ ಮೈ ತೊಯ್ಯುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿಯೂ ಬೆಚ್ಚಗಿರುತ್ತದೆ. ಕಂಬಳಿಯ ಮೂಲೆ ಮಡಚಿ ಕೊಪ್ಪೆ ಹಾಕಿಕೊಂಡರೆ ಹನಿಗಳು ಮೇಲಿನ ಕೂದಲಗುಂಟ ಜಾರಿ ಬೆನ್ನಿನಾಚೆ ಇಳಿಯುತ್ತವೆ. ಒಣಗಿಸಿ ಬಿಚ್ಚಿದರೆ ರಾತ್ರಿಗೆ ಅದೇ ಹಾಸಿಗೆ.