ಸೋಮವಂಶದ ಹೆಸರು, ಮುರಳಿಯ ಕಾಗದ

ದಲಿತ ವಿಮರ್ಶೆ ಎಂದ ಕೂಡಲೆ ನಾವು ಕಾವ್ಯಕ್ಕೆ ಕೈ ಹಾಕುತ್ತೇವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಈ ಅಭ್ಯಾಸ ಇನ್ನೂ ಹೆಚ್ಚು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗಿನಿಂದ ಇಲ್ಲಿ ಚಳುವಳಿ ಅಂದರೆ ಹಾಡು, ತಮಟೆ, ಜಾಥಾ. ಅದು ದೊಡ್ಡ ಆಸ್ತಿ. ಬೇಡ ಅನ್ನುವವನಲ್ಲ ನಾನು. ಆದರೆ ಪತ್ರಿಕೆಯ ಹಾಳೆಯನ್ನೂ ಸಾಹಿತ್ಯ ಅಂತ ಓದುವುದು ನಮಗೆ ರೂಢಿಯಾಗಲೇ ಇಲ್ಲ. ಮರಾಠಿಯ ಶಿವರಾಮ ಜಾನಬಾ ಕಾಂಬಳೆ ಅವರ ಬದುಕು ನಮಗೆ ಬೇಕಾಗಿರುವುದು ಈ ಕಾರಣಕ್ಕೆ. ಅಂಬೇಡ್ಕರರಿಗಿಂತ ಮೊದಲೇ ಅಸ್ಪೃಶ್ಯರಿಗಾಗಿ ಪತ್ರಿಕೆ ನಡೆಸಿದವರು ಅವರು.

1875ರಲ್ಲಿ ಹುಟ್ಟಿದ ಮಹಾರ್ ಜಾತಿಯ ಕಾಂಬಳೆ ಹೊಟ್ಟೆಪಾಡಿಗೆ ಪುಣೆಯ ಮೇಸನಿಕ್ ಹಾಲ್‌ನಲ್ಲಿ ಬಟ್ಲರ್ ಆಗಿದ್ದರು. ಬಿಳಿಯರ ಊಟದ ಮೇಜು ನೋಡಿಕೊಳ್ಳುವ ಕೆಲಸ. 1903ರಲ್ಲಿ ಸಾಸವಡದಲ್ಲಿ 51 ಹಳ್ಳಿಗಳ ಮಹಾರರನ್ನು ಸೇರಿಸಿದರು. ಸೈನ್ಯದ ಬಾಗಿಲು ಮಹಾರರಿಗೆ ಮುಚ್ಚಿಹೋಗಿದ್ದ ಕಾಲ ಅದು. ಸೈನ್ಯಕ್ಕೆ, ಪೋಲೀಸಿಗೆ ನಮ್ಮವರನ್ನು ತೆಗೆದುಕೊಳ್ಳಿ ಅಂತ ಮನವಿ ಹೋಯಿತು. 1910ರಲ್ಲಿ ಲಂಡನ್ನಿನ ಭಾರತ ಮಂತ್ರಿಗೇ ಇನ್ನೊಂದು ಮನವಿ. ಈ ನಡುವೆ, 1908ರ ಜುಲೈ 1ರಂದು, ‘ಸೋಮವಂಶೀಯ ಮಿತ್ರ’ ಎಂಬ ಮಾಸಪತ್ರಿಕೆ ಶುರುವಾಯಿತು.

ಆ ಹೆಸರು ನನ್ನನ್ನು ಚುಚ್ಚುತ್ತದೆ. ಸೋಮವಂಶ ಅಂದರೆ ಚಂದ್ರವಂಶ, ಕ್ಷತ್ರಿಯರ ವಂಶ. ‘ನಾವೂ ಒಂದು ಕಾಲಕ್ಕೆ ದೊಡ್ಡವರೇ’ ಎನ್ನುವ ಮಾತು ಅದರೊಳಗಿದೆ. ಹನ್ನೆರಡು ವರ್ಷದ ಮೇಲೆ, 1920ರ ಜನವರಿ 31ರಂದು, ಅಂಬೇಡ್ಕರ್ ತಮ್ಮ ಪತ್ರಿಕೆಗೆ ‘ಮೂಕನಾಯಕ’ ಎಂದು ಹೆಸರಿಟ್ಟರು. 1927ರಲ್ಲಿ ಬಂದದ್ದು ‘ಬಹಿಷ್ಕೃತ ಭಾರತ’. ವಂಶದ ಮಾತು ಬಿದ್ದುಹೋಗಿ ಸ್ಥಿತಿಯ ಮಾತು ಬಂತು. ನಮ್ಮಲ್ಲೂ ಇಂಥದ್ದೇ ನಡೆದಿದೆ. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ‘ಪಂಚಮ’ ಎನ್ನುವುದು ಹಿಂದೆ ಸರಿದು ‘ಆದಿ ಕರ್ನಾಟಕ’ ಬಂತು. ನಮ್ಮ ಕೇರಿಗಳು ಎ.ಕೆ. ಕಾಲೋನಿಗಳಾದವು. ಎಪ್ಪತ್ತರ ದಶಕದಲ್ಲಿ ದಲಿತ ಚಳುವಳಿಯ ಗೆಳೆಯರು, ಅಜ್ಜಂದಿರು ಕಳಚಿಟ್ಟ ಆ ಹಳೇ ‘ಪಂಚಮ’ವನ್ನೇ ಎತ್ತಿ ತಮ್ಮ ಪತ್ರಿಕೆಯ ನೆತ್ತಿಗೆ ಹಾಕಿಕೊಂಡರು. ಈ ಎರಡು ಹೆಸರಿನ ನಡುವಿನ ಜಗಳವನ್ನು ಯಾವ ವಿಮರ್ಶಕರಾದರೂ ಸರಿಯಾಗಿ ಬಿಡಿಸಿ ನೋಡಿದ್ದಾರೆಯೇ?

ಇಷ್ಟಕ್ಕೇ ಕಾಂಬಳೆ ಅವರನ್ನು ‘ಕ್ಷತ್ರಿಯರಾಗಲು ಹೊರಟವರು’ ಅಂತ ಬದಿಗಿಟ್ಟರೆ ಅದು ಸೋಮಾರಿ ವಿಮರ್ಶೆ. ಹೆಸರು ಹಳೆಯದು, ಒಳಗಿನ ಹಾಳೆ ಬೇರೆ. ಜೇಜೂರಿಯ ಖಂಡೋಬನಿಗೆ, ಅಂದರೆ ನಮ್ಮ ಮೈಲಾರನಿಗೆ, ಹೆಣ್ಣುಮಕ್ಕಳನ್ನು ಮುರಳಿ ಬಿಡುವ ಪದ್ಧತಿ ಇತ್ತು. ನಮ್ಮಲ್ಲಿ ಬಸವಿ ಬಿಟ್ಟಂತೆ. ಅದನ್ನು ನಿಲ್ಲಿಸಿ ಎಂದು ಕಾಂಬಳೆ ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಉತ್ತರವಾಗಿ ಶಿವೂಬಾಯಿ ಎಂಬ ಮುರಳಿ ತನ್ನ ಬಾಳನ್ನು ಕಾಗದದಲ್ಲಿ ಬರೆದಳು. 1909ರಲ್ಲಿ ಅದು ಅಚ್ಚಾಯಿತು. ಅವಳನ್ನು ಮದುವೆಯಾಗಲು ಗಣಪತರಾವ್ ಗಾಯಕವಾಡ ಮುಂದೆ ಬಂದರು. ಕಾಂಬಳೆ ನಿಂತು ಮದುವೆ ಮಾಡಿಸಿದರು.

ನನ್ನ ಮಟ್ಟಿಗೆ ಕಾಂಬಳೆ ಬರೆಸಿದ ಎಲ್ಲ ಮನವಿಗಳಿಗಿಂತ ಆ ಕಾಗದ ದೊಡ್ಡದು. ಮನವಿ ಸರ್ಕಾರದ ಕಡೆ ಮುಖ ಮಾಡಿ, ಬಗ್ಗಿ ಮಾತಾಡುತ್ತದೆ. ಕಾಗದ ತನ್ನ ಜಾತಿಯ ಗಂಡಸರ ಕಡೆ, ತನ್ನ ಕೇರಿಯ ಹಿರಿಯರ ಕಡೆ ತಿರುಗಿದೆ. ದಲಿತ ಹೆಣ್ಣಿನ ಆತ್ಮಕಥನ ಯಾವಾಗ ಹುಟ್ಟಿತು ಅಂತ ಲೆಕ್ಕ ಹಾಕುವವರು ಪುಸ್ತಕಗಳನ್ನಷ್ಟೇ ಎಣಿಸುತ್ತಾರೆ. ಪತ್ರಿಕೆಯ ಕಾಲಂನಲ್ಲಿ ಕೂತ ಕಾಗದ ಲೆಕ್ಕಕ್ಕೇ ಬರುವುದಿಲ್ಲ. ಸಂಪಾದಕನ ಬದುಕನ್ನು ಅವನು ಬರೆದ ಅಗ್ರಲೇಖನದಿಂದ ಮಾತ್ರ ಅಳೆಯಬಾರದು. ಯಾರ ಮಾತಿಗೆ ಜಾಗ ಬಿಟ್ಟ ಅನ್ನುವುದೂ ಅವನ ಬರಹವೇ. 1929ರಲ್ಲಿ ಪುಣೆಯ ಪಾರ್ವತಿ ದೇವಸ್ಥಾನ ಪ್ರವೇಶಕ್ಕೆ ಸತ್ಯಾಗ್ರಹ ನಡೆದಾಗಲೂ ಕಾಂಬಳೆ ಮುಂಚೂಣಿಯಲ್ಲಿದ್ದರು. ಚರಿತ್ರೆಕಾರರು ಅದನ್ನು ಮರೆಯುವುದಿಲ್ಲ ಬಿಡಿ, ಶಿವೂಬಾಯಿಯನ್ನು ಮರೆಯುತ್ತಾರೆ.

ಇನ್ನು ನಮ್ಮ ನಾಲ್ಕು ತಾಲ್ಲೂಕಿನ ಕಡೆ ಬರೋಣ. ಸಂಘದ ಕರಪತ್ರ, ದರಖಾಸ್ತು ಜಮೀನಿಗೆ ತಹಸೀಲ್ದಾರರಿಗೆ ಕೊಟ್ಟ ಅರ್ಜಿಯ ನಕಲು, ಶಾಖೆಯ ಸಭೆಯ ನಡಾವಳಿ ಇವೆಲ್ಲ ಯಾರಾದರೂ ಹಳೆಯ ಕಾರ್ಯಕರ್ತರ ಟ್ರಂಕಿನಲ್ಲಿ ಗೆದ್ದಲು ಹಿಡಿಯುವ ಮೊದಲು ವಿದ್ಯಾರ್ಥಿಗಳು ಹುಡುಕಿ ತರಬೇಕು. ತಂದಮೇಲೆ ಕೆಳಗಿನ ಸಹಿಗಳನ್ನೂ ಹೆಬ್ಬೆಟ್ಟಿನ ಗುರುತುಗಳನ್ನೂ ಓದಬೇಕು. ರಾಮನಗರದಲ್ಲಿ ಬಿಸಿನೀರಿಗೆ ಕೈ ಅದ್ದಿ ರೇಷ್ಮೆ ನೂಲು ತೆಗೆಯುವ ಹೆಂಗಸಿನ ಹೆಸರಲ್ಲಿ ಅಚ್ಚಾದ ಒಂದು ಕಾಗದವಾದರೂ ಅಲ್ಲಿ ಸಿಗುತ್ತದೆಯೇ, ಮೊದಲು ಅದನ್ನು ನೋಡಬೇಕು.