ಓಲೆಗರಿಯೂ ಪ್ರಶಸ್ತಿಪತ್ರವೂ

ದೇವದುರ್ಗ ತಾಲೂಕಿನ ಮಸರಕಲ್ ಗ್ರಾಮದ ಹೆಸರು ದಾಸಸಾಹಿತ್ಯದ ಅಭ್ಯಾಸಿಗಳಿಗೆ ಹೊಸದೇನಲ್ಲ. ಹಳೆಯ ಬರಹಗಳಲ್ಲಿ ಮೊಸರಕಲ್ಲು ಎಂದು ಕಾಣಿಸಿಕೊಳ್ಳುವ ಈ ಊರು ಗೋಪಾಲದಾಸರ ಜನ್ಮಸ್ಥಳ. ಇಲ್ಲಿ ಹುಟ್ಟಿದ ಭಾಗಣ್ಣನು ವಿಜಯದಾಸರ ಶಿಷ್ಯನಾಗಿ, ಗೋಪಾಲವಿಠಲ ಎಂಬ ಅಂಕಿತವನ್ನು ಪಡೆದು, 18ನೆಯ ಶತಮಾನದ ಹರಿದಾಸರಲ್ಲಿ ಮಾನ್ಯನಾದನು. ಮಾನವಿಯ ಜಗನ್ನಾಥದಾಸರು ರೋಗಪೀಡಿತರಾಗಿದ್ದಾಗ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ, ‘ಹರಿಕಥಾಮೃತಸಾರ’ವು ಆ ದಾನದ ಫಲವೆಂದೂ ಸಂಪ್ರದಾಯ ಹೇಳುತ್ತದೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಒಬ್ಬ ಕವಿಯ ಆಯುಷ್ಯಕ್ಕೆ ಇನ್ನೊಬ್ಬ ಕವಿ ಹೊಣೆಯಾದ ಈ ಕಥೆಯನ್ನು ಕೇಳಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಕವಿ ಹೋದ ಮೇಲೆ ಅವನ ಕೃತಿಯ ಆಯುಷ್ಯಕ್ಕೆ ಹೊಣೆ ಯಾರು?

ಈ ಹೊಣೆಯನ್ನು ಇಂದು ನಾವು ವಿಶ್ವವಿದ್ಯಾಲಯಗಳ ಹೆಗಲಿಗೆ ಹೊರಿಸಿದ್ದೇವೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಈ ಭಾಗದ ಬರಹಗಾರರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಿಜಾಮರ ಆಳಿಕೆಯಲ್ಲಿ ಉರ್ದುವಿನಲ್ಲಿ ಓದು ಕಲಿತು, ಮನೆಯಲ್ಲಿ ಮಠದಲ್ಲಿ ಕನ್ನಡವನ್ನು ಉಳಿಸಿಕೊಂಡ ತಲೆಮಾರಿಗೆ ತಮ್ಮದೇ ಆದ ಕನ್ನಡ ಅಧ್ಯಯನ ಸಂಸ್ಥೆ, ತಮ್ಮದೇ ಆದ ಪ್ರಸಾರಾಂಗ ದೊರೆಯಿತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದಿತು. ಅದರಲ್ಲಿ ಹಸ್ತಪ್ರತಿಗಳಿಗಾಗಿಯೇ ಒಂದು ವಿಭಾಗ ಏರ್ಪಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಯರಗೇರಾದ ಸ್ನಾತಕೋತ್ತರ ಕೇಂದ್ರವೇ ಬೆಳೆದು ರಾಯಚೂರಿಗೆ ಸ್ವತಂತ್ರ ವಿಶ್ವವಿದ್ಯಾಲಯವಾಗಿದೆ. ಈಗ ಅದು ಆದಿಕವಿ ವಾಲ್ಮೀಕಿ ಮಹರ್ಷಿಯ ಹೆಸರನ್ನು ಹೊತ್ತಿದೆ. ಆದಿಕವಿಯ ಹೆಸರಿಟ್ಟುಕೊಂಡ ಸಂಸ್ಥೆಯಿಂದ ಕವಿಗಳು ಏನನ್ನಾದರೂ ಅಪೇಕ್ಷಿಸಿದರೆ ತಪ್ಪೆನ್ನಲಾಗದು.

ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗವು ಈ ಪ್ರದೇಶದ ಲೇಖಕರ ಪುಸ್ತಕಗಳಿಗೆ ರಾಜ್ಯೋತ್ಸವ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಕನ್ನಡಕ್ಕೆ ಮಾತ್ರವಲ್ಲ, ಇಲ್ಲಿ ಬಾಳುವ ಇತರ ಭಾಷೆಗಳ ಕೃತಿಗಳಿಗೂ ಅದರಲ್ಲಿ ಎಡೆಯಿದೆ. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಬೆಂಗಳೂರು, ಮೈಸೂರು, ಧಾರವಾಡಗಳ ಕಣ್ಣಿಗೆ ಬೀಳದ ಎಷ್ಟೋ ಲೇಖಕರಿಗೆ ಇದರಿಂದ ಧೈರ್ಯ ಬಂದಿದೆ. ಆದರೆ ಪ್ರಶಸ್ತಿಯು ಅಚ್ಚಾದ ಪುಸ್ತಕವನ್ನಷ್ಟೇ ಬಲ್ಲುದು. ಅಚ್ಚಾಗುವ ಮುನ್ನಿನ ಬರಹವನ್ನೂ, ಅಚ್ಚಾಗದೆಯೇ ಉಳಿದ ಬರಹವನ್ನೂ ಅದು ಅರಿಯದು. ಲೇಖಕನಿಗೆ ಒಂದು ದಿನ ಶಾಲು ಹೊದೆಸುತ್ತೇವೆ. ಅವನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಏನಿದೆಯೆಂದು ಕೇಳುವುದಿಲ್ಲ. ಪ್ರೋತ್ಸಾಹವೆಂದರೆ ಇಷ್ಟೇ ಎಂಬ ಭಾವನೆ ನೆಲೆಗೊಂಡಿರುವುದೇ ನನ್ನ ಆಕ್ಷೇಪ.

ಇದು ಭಾವುಕತೆಯ ಮಾತಲ್ಲ, ವಿಮರ್ಶೆಯ ಮೂಲಕ್ಕೇ ಸಂಬಂಧಿಸಿದ್ದು. ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿರುವುದರಿಂದ ಮಾತ್ರೆಯೂ ಪ್ರಾಸವೂ ಕಾವಲಿಗೆ ನಿಂತಿವೆ, ಒಂದು ಪದ ಜಾರಿದರೆ ಓದುವವನ ಕಿವಿಗೆ ಒಡನೆ ತಿಳಿಯುತ್ತದೆ. ಕೀರ್ತನೆಗೆ ಅಂಥ ಬಿಗಿಯಾದ ಬೇಲಿಯಿಲ್ಲ. ಹಾಡುವವನ ಬಾಯಲ್ಲಿ ನುಡಿಯೊಂದು ಸೇರುತ್ತದೆ, ಒಂದು ಬಿಡುತ್ತದೆ. ಕೆಲವೊಮ್ಮೆ ಅಂಕಿತವೇ ಬದಲಾಗಿ ಶಿಷ್ಯನ ಪದ ಗುರುವಿನ ಹೆಸರಿಗೆ ಸೇರಿಹೋಗುತ್ತದೆ. ಗೋಪಾಲದಾಸರ ಒಂದು ಸುಳಾದಿಯ ಬಗೆಗೆ ನಿರ್ಣಯ ಹೇಳಬೇಕಾದರೆ ಬೇರೆ ಬೇರೆ ಮನೆಗಳ ನಾಲ್ಕಾರು ಪ್ರತಿಗಳನ್ನು ಎದುರಿಗಿಟ್ಟುಕೊಂಡು ನೋಡಬೇಕು. ಪ್ರತಿಗಳೇ ಇಲ್ಲವಾದರೆ ವಿಮರ್ಶಕನು ಹೇಳುವುದೆಲ್ಲ ಊಹೆ. ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ದಾಸರ ಪದಗಳನ್ನು ಹುಡುಕಿ ಸಂಪುಟ ಸಂಪುಟವಾಗಿ ಪ್ರಕಟಿಸದೆ ಹೋಗಿದ್ದರೆ, ಇಂದು ಈ ವಿಷಯದಲ್ಲಿ ಪ್ರಬಂಧ ಬರೆಯುವವರಲ್ಲಿ ಅನೇಕರಿಗೆ ಬರೆಯಲು ವಸ್ತುವೇ ಇರುತ್ತಿರಲಿಲ್ಲ.

ನಮ್ಮ ವಾಚಕರಿಗೆ ಫ. ಗು. ಹಳಕಟ್ಟಿಯವರ ಉದಾಹರಣೆ ಇನ್ನೂ ಹತ್ತಿರದ್ದು. ಬಿಜಾಪುರದ ವಕೀಲರಾಗಿದ್ದ ಅವರು ಮಠಗಳಲ್ಲಿ, ಗೃಹಸ್ಥರ ಮನೆಗಳಲ್ಲಿ ಇದ್ದ ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರಡಿಸಿದರು, 1925ರಲ್ಲಿ ತಮ್ಮದೇ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. 1993ರಲ್ಲಿ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಲು ಸಾಧ್ಯವಾದದ್ದು ಈ ಎಪ್ಪತ್ತು ವರ್ಷಗಳ ಶೋಧನೆ, ಸಂಗ್ರಹ, ಪಾಠಪರಿಷ್ಕರಣಗಳ ಬೆನ್ನ ಮೇಲೆ. ಆ ಗರಿಗಳನ್ನು ಅಷ್ಟು ಕಾಲ ಉಳಿಸಿದವರು ಯಾರು? ಅವುಗಳನ್ನು ಓದಲಾರದೆಯೂ ಕೆಂಪು ವಸ್ತ್ರದಲ್ಲಿ ಸುತ್ತಿ, ಶ್ರಾವಣದಲ್ಲಿ ತೆಗೆದು ಧೂಳು ಝಾಡಿಸಿ, ವಿಭೂತಿ ಹಚ್ಚಿ ಪೂಜಿಸಿ ಮತ್ತೆ ಗೂಡಿನಲ್ಲಿರಿಸಿದ ಮನೆತನಗಳು. ಅವರ ಪೂಜೆಯನ್ನು ನೋಡಿ ನಗುವವರಿದ್ದಾರೆ. ಆ ಪೂಜೆಯಿಂದಲೇ ವರ್ಷಕ್ಕೊಮ್ಮೆ ಗರಿಗಳಿಗೆ ಗಾಳಿಬೆಳಕು ತಗಲಿತೆಂಬುದನ್ನು ಅವರು ಮರೆಯುತ್ತಾರೆ. ಹಾಗೆಂದು ಮಠಗಳೂ ತಪ್ಪಿನಿಂದ ಪಾರಲ್ಲ. ಕಟ್ಟಿನೊಳಗೆ ಏನಿದೆಯೆಂಬ ಪಟ್ಟಿಯನ್ನೇ ಮಾಡದೆ, ಕೇಳಿದವರಿಗೆ ತೋರಿಸದೆ, ಗೆದ್ದಲಿಗೆ ಒಪ್ಪಿಸಿದ ಮಠಗಳು ಈ ಸೀಮೆಯಲ್ಲಿಯೂ ಇವೆ.

ಓಲೆಗರಿಗಿಂತ ಬೇಗ ಸಾಯುವುದು ಕಾಗದ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾದಿದ್ದು 1915ರಲ್ಲಿ ಬೆಳಕಿಗೆ ಬಂದಿತು. ಬಂಡೆ ಕಾಯುತ್ತದೆ, ನೋಟುಬುಕ್ಕು ಕಾಯುವುದಿಲ್ಲ. ದೇವದುರ್ಗದ ಕಡೆಯ ಹಿರಿಯ ಶಾಲಾಮಾಸ್ತರರೊಬ್ಬರನ್ನು ನಾನು ಬಲ್ಲೆ. ಸುತ್ತಣ ಹಳ್ಳಿಗಳ ಭಜನಾಮಂಡಳಿಗಳಲ್ಲಿ ಕುಳಿತು ತತ್ವಪದಗಳನ್ನು ಮೂರು ದಪ್ಪ ನೋಟುಬುಕ್ಕುಗಳಲ್ಲಿ ಬರೆದುಕೊಂಡಿದ್ದರು. ಯಾರು ಹಾಡಿದರು, ಯಾವ ಊರು, ಯಾವ ತಿಥಿ ಎಂಬುದೂ ಅಂಚಿನಲ್ಲಿರುತ್ತಿತ್ತು. ಸಂಸ್ಥೆಯೊಂದರಿಂದ ಬಂದವರು ‘ಹದಿನೈದು ದಿನದಾಗ ಮುಟ್ಟಿಸ್ತೀವಿ ಸರ್’ ಎಂದು ಹೇಳಿ ಒಯ್ದರು. ರಸೀತಿ ಕೇಳುವುದು ಸಭ್ಯತೆಯಲ್ಲವೆಂದು ಮಾಸ್ತರರು ಸುಮ್ಮನಾದರು. ಪತ್ರ ಬರೆದರು, ಖುದ್ದಾಗಿ ಹೋಗಿ ಬಂದರು. ಒಯ್ದವರು ವರ್ಗವಾಗಿದ್ದರು, ಉಳಿದವರಿಗೆ ವಿಷಯವೇ ತಿಳಿದಿರಲಿಲ್ಲ. ಮಾಸ್ತರರು ತೀರಿಕೊಂಡರು. ಅವರಿಗೆ ಹಾಡಿ ಬರೆಸಿದ ಮುದುಕಿಯರೂ ಈಗಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರವು ತತ್ವಪದಗಳ ಸಂಪುಟಗಳನ್ನು ಹೊರತಂದಾಗ ನಾನು ಮೊದಲು ಹುಡುಕಿದ್ದು ಆ ಪದಗಳನ್ನು. ನನಗೆ ನೆನಪಿದ್ದ ಎರಡು ಸಿಕ್ಕವು. ಮಿಕ್ಕವುಗಳ ಮೊದಲ ಸಾಲೂ ನನಗೆ ನೆನಪಿಲ್ಲವಾದ್ದರಿಂದ ಹುಡುಕುವ ಬಗೆ ತಿಳಿಯಲಿಲ್ಲ.

ಹೊಸ ಸಾಹಿತ್ಯದ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ. ಶಾಂತರಸರು ಕನ್ನಡದಲ್ಲಿ ಗಜಲನ್ನು ನೆಲೆಗೊಳಿಸಿದರು. 2006ರಲ್ಲಿ ಬೀದರಿನ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಉರ್ದುವಿನ ಛಂದಸ್ಸು ಅವರ ಕೈಯಲ್ಲಿ ಕನ್ನಡದ ಮಾತ್ರೆಗೆ ಒಗ್ಗಿದ ಬಗೆಯನ್ನು ಅರಿಯಬೇಕಾದರೆ ಮುದ್ರಿತ ಗಜಲು ಸಾಲದು. ಹೊಡೆದುಹಾಕಿ ತಿದ್ದಿದ ಕರಡು ಬೇಕು, ಗೆಳೆಯರಿಗೆ ಬರೆದ ಕಾಗದ ಬೇಕು. ಜಂಬಣ್ಣ ಅಮರಚಿಂತರ ‘ಕುರುಮಯ್ಯ ಮತ್ತು ಅಂಕುಶದೊಡ್ಡಿ’ಯ ಭಾಷೆ, ರಾಜಶೇಖರ ನೀರಮಾನ್ವಿಯವರ ಕಥೆಗಳ ಮಾನವಿ ಸೀಮೆ, ಇವನ್ನು ಕುರಿತು ಬರೆಯುವ ನಾಳಿನ ವಿದ್ಯಾರ್ಥಿಯು ಎಲ್ಲಿಗೆ ಹೋಗಬೇಕು? ರಾಯಚೂರಿನಲ್ಲಿ 1934ರಲ್ಲಿ ಪಂಜೆ ಮಂಗೇಶರಾಯರ, 1956ರಲ್ಲಿ ಶ್ರೀರಂಗರ, 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಸಮ್ಮೇಳನಗಳಾದವು. ಮೂರಕ್ಕೂ ಜನ ನೆರೆದರು. ಮೊದಲನೆಯದರ ಕರಪತ್ರವನ್ನೋ ಆಮಂತ್ರಣವನ್ನೋ ಮನೆಯಲ್ಲಿ ಇಟ್ಟುಕೊಂಡವರಿದ್ದರೆ ಅದನ್ನು ಎಲ್ಲಿಗೆ ಕೊಡಬೇಕೆಂದು ಅವರಿಗೂ ಗೊತ್ತಿಲ್ಲ.

ಇನ್ನೊಂದು ತೊಡಕು ಗಡಿಯದು. ಗೋಪಾಲದಾಸರು ನೆಲೆಸಿದ ಉತ್ತನೂರು ಈಗ ತೆಲಂಗಾಣದಲ್ಲಿದೆ, ವಿಜಯದಾಸರ ಚಿಪ್ಪಗಿರಿ ಆಂಧ್ರದಲ್ಲಿ. ರಾಜ್ಯಗಳ ಗೆರೆ ದಾಸರಿಗೆ ತಿಳಿದಿರಲಿಲ್ಲ. ವಿಶ್ವವಿದ್ಯಾಲಯದ ವ್ಯಾಪ್ತಿ ಜಿಲ್ಲೆಗಳ ಎಲ್ಲೆಯಲ್ಲಿ ನಿಲ್ಲಬಹುದು, ಅದರ ಹಸ್ತಪ್ರತಿ ಸಂಗ್ರಾಹಕನು ನಿಲ್ಲಬಾರದು.

ರಾಯಚೂರಿನ ವಿಶ್ವವಿದ್ಯಾಲಯದಿಂದ ನಾನು ದೊಡ್ಡ ಭವನವನ್ನು ಬೇಡುವುದಿಲ್ಲ. ಒಣಗಿದ, ಇಲಿ ನುಗ್ಗದ ಎರಡು ಕೋಣೆ. ಹಳೆಯ ಲಿಪಿಯನ್ನೂ ಮೋಡಿಯನ್ನೂ ಉರ್ದುವನ್ನೂ ಓದಬಲ್ಲ, ವರ್ಷ ವರ್ಷ ಬದಲಾಗದ ಇಬ್ಬರು. ಊರೂರಿಗೆ ಹೋಗಲು ಒಂದು ವಾಹನ. ಗರಿಗಳನ್ನು ಒಯ್ಯಲೇಬೇಕೆಂದಿಲ್ಲ; ಕೊಡಲೊಲ್ಲದವರ ಮನೆಯಲ್ಲಿಯೇ ಛಾಯಾಪ್ರತಿ ತೆಗೆದುಕೊಂಡು, ಮೂಲವನ್ನು ಶುಚಿಗೊಳಿಸಿ ನಿಂಬೆಹುಲ್ಲಿನ ಎಣ್ಣೆ ಲೇಪಿಸಿ ಅವರಿಗೇ ಬಿಟ್ಟುಬರಬಹುದು. ಯಾವ ಊರಿನ ಯಾರ ಮನೆಯ ಪ್ರತಿಯೆಂದು ಬರೆದಿಡದ ಛಾಯಾಪ್ರತಿ ಮಾತ್ರ ಇದ್ದೂ ಇಲ್ಲದಂತೆ. ನಮ್ಮ ಮಠದಲ್ಲಿ ಓದಿ ಈಗ ಅಧ್ಯಾಪಕರಾಗಿರುವವರು ಮಸರಕಲ್, ಮಾನವಿ, ಗಬ್ಬೂರು, ಜಾಲಹಳ್ಳಿಗಳ ಕಡೆ ಅನೇಕರಿದ್ದಾರೆ. ತಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಏನಿದೆಯೆಂಬ ಪಟ್ಟಿಯನ್ನು ಅವರು ಈ ಬೇಸಿಗೆಯ ರಜೆಯಲ್ಲಿ ಮಾಡಬಲ್ಲರು. ಯಾರಾದರೂ ಪುಸ್ತಕವನ್ನು ಕೇಳಿಕೊಂಡು ಬಂದರೆ ಮೊದಲು ರಸೀತಿ ಬರೆಸಿಕೊಳ್ಳಲಿ.