ಹೆರೆನ್‌ಹೌಸನ್ನಿನ ಉದ್ಯಾನರಂಗ

ಜರ್ಮನಿಯ ಹನೋವರ್ ನಗರದ ಹೆರೆನ್‌ಹೌಸನ್ ಅರಮನೆಯ ತೋಟದಲ್ಲಿ 1689ರಿಂದ 1692ರವರೆಗೆ ರಚಿತವಾದ ಬಯಲುರಂಗಕ್ಕೆ ಗೋಡೆಯೂ ಇಲ್ಲ, ಚಿತ್ರಿತವಾದ ಪರದೆಯೂ ಇಲ್ಲ. ಕತ್ತರಿಸಿ ನಿಲ್ಲಿಸಿದ ಗಿಡಗಳ ಬೇಲಿಗಳೇ ಅದರ ಪಕ್ಕತೆರೆಗಳು. ಅವುಗಳ ನಡುನಡುವೆ ಚಿನ್ನದ ಮುಲಾಮಿನ ಪ್ರತಿಮೆಗಳು. ರಂಗವು ಹಿಂದಕ್ಕೆ ಹೋದಂತೆಲ್ಲ ಕಿರಿದಾಗುವುದರಿಂದ ಇದ್ದುದಕ್ಕಿಂತಲೂ ಆಳವಾಗಿ ತೋರುವುದು.

1936–37ರಲ್ಲಿ ತೋಟದ ಜೀರ್ಣೋದ್ಧಾರವಾಯಿತು. 1943ರ ಬಾಂಬುದಾಳಿಯಲ್ಲಿ ನಾಶವಾದ ಅರಮನೆಯು 2013ರಲ್ಲಿ ಮತ್ತೆ ಎದ್ದಿತು. ಕಲ್ಲನ್ನು ಒಮ್ಮೆ ಕಟ್ಟಿದರೆ ಸಾಕು. ಬೇಲಿಯನ್ನಾದರೋ ಬೆಳೆಸಿ, ವರ್ಷವರ್ಷವೂ ಕತ್ತರಿಸುತ್ತಿರಬೇಕು. ಗಿಡಗಳು ಹೊಸವು, ಆದಕಾರಣ ರಂಗವೂ ಹಳೆಯದಲ್ಲವೆಂಬ ಆಕ್ಷೇಪವು ನಿಲ್ಲಲಾರದು. ಪಾತ್ರಧಾರಿಗಳು ಬದಲಾದರೂ ನಾಟಕವು ಅದೇ ಆಗಿರುವಂತೆ, ಇಲ್ಲಿ ಉಳಿದುಬಂದಿರುವುದು ವಿನ್ಯಾಸ. ಅದರ ಆಯುಸ್ಸು ತೋಟಗಾರನ ಕತ್ತರಿಯಲ್ಲಿದೆ. ಆ ಕೈ ಕೆಲವು ವರ್ಷ ಸೋತರೆ ರಂಗವು ಮರಳಿ ಕಾಡಾಗುವುದು.